ಎಪ್ಪತ್ತೈದನೆಯ ರೇಖಾಂಶದ ತಗ್ಗು: ಭೂಸ್ಥಿರ ಕಕ್ಷೆಯ ಮೇಲೆ ಕಣ್ಣಿಡುವ ಕೆಲಸ

ಹುಬ್ಬಳ್ಳಿ-ಧಾರವಾಡ ಅವಳಿ ನಗರ ಇರುವುದು ಪೂರ್ವ ರೇಖಾಂಶ 75 ಡಿಗ್ರಿಯ ಮೇಲೆ. ಆ ರೇಖೆಯನ್ನು ತೆಂಕಣಕ್ಕೆ ಸಮಭಾಜಕ ವೃತ್ತದವರೆಗೆ ಎಳೆದು, ಅಲ್ಲಿಂದ ನೆಟ್ಟಗೆ 35,786 ಕಿಲೋಮೀಟರ್ ಮೇಲೇರಿದರೆ ಭೂಸ್ಥಿರ ಕಕ್ಷೆಯ, ಅಂದರೆ ಉಪಗ್ರಹಗಳು ನೆಲದಿಂದ ನೋಡುವವರಿಗೆ ಒಂದೆಡೆ ನಿಂತಂತೆ ಕಾಣುವ ಕಕ್ಷೆಯ, ಒಂದು ವಿಶೇಷ ತಾಣ ಸಿಗುತ್ತದೆ. ಇಂಧನ ಮುಗಿದ, ನಿಯಂತ್ರಣ ಕಳೆದುಕೊಂಡ ಉಪಗ್ರಹಗಳಲ್ಲಿ ಹಲವು ಈ ತಾಣದ ಆಚೀಚೆ ತೊಟ್ಟಿಲು ತೂಗಿದಂತೆ ವರ್ಷಗಟ್ಟಲೆ ತೂಗುತ್ತಿರುತ್ತವೆ. ಇಡೀ ಕಕ್ಷೆಯಲ್ಲಿ ಇಂಥ ತಗ್ಗುಗಳು ಎರಡೇ ಎರಡು: ಒಂದು ನಮ್ಮ ರೇಖಾಂಶದಲ್ಲಿ, ಇನ್ನೊಂದು ಭೂಗೋಳದ ಆಚೆ ಬದಿಯಲ್ಲಿ, ಪಶ್ಚಿಮ 105 ಡಿಗ್ರಿಯ ಸಮೀಪ. ಭಾರತದ ಸಂಪರ್ಕ ಮತ್ತು ಹವಾಮಾನ ಉಪಗ್ರಹಗಳು ನೆಲೆಸಿರುವ 74, 83, 93.5 ಡಿಗ್ರಿಗಳ ನೆಲೆಗಳಲ್ಲಿ ಮೊದಲನೆಯದು ಈ ತಗ್ಗಿನ ಒಳಗೇ ಇದೆ. ಉಳಿದೆರಡು ಅದರ ದಂಡೆಯ ಮೇಲಿವೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2024ರ ಅಕ್ಟೋಬರ್ 19ರಂದು ಪೂರ್ವ 60 ಡಿಗ್ರಿಯಲ್ಲಿದ್ದ ಇಂಟೆಲ್‌ಸ್ಯಾಟ್ 33ಇ ಎಂಬ ಸಂಪರ್ಕ ಉಪಗ್ರಹ ಏಕಾಏಕಿ ಒಡೆದು ಚೂರಾಯಿತು. 2016ರಲ್ಲಿ ಉಡಾವಣೆಗೊಂಡಿದ್ದ ಅದು ಯುರೋಪ್, ಆಫ್ರಿಕಾ ಮತ್ತು ಏಷ್ಯಾದ ಕೆಲ ಭಾಗಗಳಿಗೆ ಸೇವೆ ಒದಗಿಸುತ್ತಿತ್ತು. ಅಮೆರಿಕದ ಬಾಹ್ಯಾಕಾಶ ಪಡೆ ಮೊದಲಿಗೆ ಸುಮಾರು 20 ಚೂರುಗಳನ್ನು ಗುರುತಿಸಿತು. ಮುಂದಿನ ದಿನಗಳಲ್ಲಿ ಖಾಸಗಿ ದೂರದರ್ಶಕ ಜಾಲಗಳು ಮತ್ತು ರಷ್ಯಾದ ಬಾಹ್ಯಾಕಾಶ ಸಂಸ್ಥೆ ಅದಕ್ಕಿಂತ ಬಹಳ ಹೆಚ್ಚಿನ ಲೆಕ್ಕ ಕೊಟ್ಟವು. ಕೆಳಕಕ್ಷೆಯಲ್ಲಾದರೆ ವಾತಾವರಣದ ತೆಳು ಗಾಳಿಯ ಘರ್ಷಣೆಯಿಂದ ಚೂರುಗಳು ಕೆಲವು ವರ್ಷಗಳಲ್ಲೋ ದಶಕಗಳಲ್ಲೋ ಕೆಳಗಿಳಿದು ಉರಿದುಹೋಗುತ್ತವೆ. ಭೂಸ್ಥಿರ ಕಕ್ಷೆಯಲ್ಲಿ ಆ ಗಾಳಿಯೇ ಇಲ್ಲ. ಅಲ್ಲಿ ಬಿದ್ದ ಕಸ ಮನುಷ್ಯನ ಲೆಕ್ಕದಲ್ಲಿ ಶಾಶ್ವತ. 60 ಡಿಗ್ರಿಯಲ್ಲಿ ಒಡೆದ ಉಪಗ್ರಹದ ಚೂರುಗಳ ಪೈಕಿ ವೇಗ ಹೆಚ್ಚು ಬದಲಾಗದೆ ಉಳಿದವು ಎತ್ತ ಸಾಗುತ್ತವೆ ಎಂಬುದಕ್ಕೆ ಉತ್ತರ ಆ ತಗ್ಗಿನಲ್ಲಿಯೇ ಇದೆ.

ತಗ್ಗು ಎಂದು ಕರೆದದ್ದು ಬರಿಯ ಹೋಲಿಕೆಯಲ್ಲ. ಭೂಮಿಯ ಸಮಭಾಜಕ ವೃತ್ತ ಪೂರ್ತಿ ದುಂಡಗಿಲ್ಲ. ಪಶ್ಚಿಮ 15 ಮತ್ತು ಪೂರ್ವ 165 ಡಿಗ್ರಿಗಳ ಕಡೆಗೆ ಅದು ಒಂದಿಷ್ಟು ಉಬ್ಬಿಕೊಂಡಿದೆ. ಆ ಉಬ್ಬಿನ ಹೆಚ್ಚುವರಿ ಸೆಳೆತ ಉಪಗ್ರಹವನ್ನು ತನ್ನತ್ತ ಎಳೆಯಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಕ್ಷೆಯ ಗಣಿತ ಇದಕ್ಕೆ ತಿರುವುಮುರುವಾಗಿದೆ. 60 ಡಿಗ್ರಿಯಲ್ಲಿರುವ ವಸ್ತುವಿಗೆ ಹತ್ತಿರವಾಗುವ ಉಬ್ಬು ಪಶ್ಚಿಮದ್ದು; ವಸ್ತು ಪೂರ್ವಕ್ಕೆ ಚಲಿಸುತ್ತಿರುವುದರಿಂದ ಆ ಸೆಳೆತ ಅದನ್ನು ಹಿಂದಕ್ಕೆ ಜಗ್ಗುತ್ತದೆ, ಹಿಂದಕ್ಕೆ ಜಗ್ಗಿದಾಗ ಅದರ ಕಕ್ಷೆ ಕೊಂಚ ಕೆಳಗಿಳಿಯುತ್ತದೆ, ಕೆಳಗಿಳಿದ ಕಕ್ಷೆಯಲ್ಲಿ ಒಂದು ಸುತ್ತು ಬೇಗ ಮುಗಿಯುತ್ತದೆ, ಹಾಗಾಗಿ ವಸ್ತು ಭೂಮಿಯ ತಿರುಗುವಿಕೆಯನ್ನು ಹಿಂದಿಕ್ಕಿ ಪೂರ್ವಕ್ಕೇ ಸರಿಯುತ್ತದೆ. ಉಬ್ಬು ಎಳೆದಷ್ಟೂ ವಸ್ತು ಉಬ್ಬಿನಿಂದ ದೂರವಾಗುತ್ತದೆ. 75 ಡಿಗ್ರಿಯನ್ನು ದಾಟಿದ ಮೇಲೆ ಪೂರ್ವದ ಉಬ್ಬಿನ ಪ್ರಭಾವ ಹೆಚ್ಚಿ, ಕ್ರಮೇಣ ಮರುಪಯಣ ಶುರುವಾಗುತ್ತದೆ. ಈ ಒಂದು ತೂಗಾಟಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. 60ರಿಂದ ಹೊರಟದ್ದು 75ನ್ನು ಹಾದು 90ರ ಆಸುಪಾಸಿಗೆ ಹೋಗಿ ಮರಳುತ್ತದೆ ಎಂದಾದರೆ, ಭಾರತದ 74 ಮತ್ತು 83 ಡಿಗ್ರಿಯ ನೆಲೆಗಳೆರಡೂ ಅದರ ದಾರಿಯಲ್ಲೇ ಇವೆ.

ಹಾಗೆಂದು ನಾಳೆಯೇ ಡಿಕ್ಕಿಯಾಗುತ್ತದೆ ಎಂದು ಹೆದರಿಸುವುದು ಸರಿಯಲ್ಲ. ಈ ಕಕ್ಷೆಯ ಸುತ್ತಳತೆ ಎರಡು ಲಕ್ಷ ಅರವತ್ತು ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು. ಸಕ್ರಿಯ ಉಪಗ್ರಹಗಳು ಐನೂರು ಮೀರಿದ್ದರೂ ಅವುಗಳ ನಡುವಿನ ಖಾಲಿ ಜಾಗ ದೊಡ್ಡದು. ಪ್ರಶ್ನೆ ಬೇರೆಯದು. ಚೂರು ಎಲ್ಲಿದೆ ಎಂದು ಗೊತ್ತಿದ್ದರೆ ಮಾತ್ರ ಉಪಗ್ರಹವನ್ನು ಪಕ್ಕಕ್ಕೆ ಸರಿಸಬಹುದು. ಅದನ್ನು ತಿಳಿಯುವುದು ಎಷ್ಟು ಕಷ್ಟವೆಂದು ಅರ್ಥವಾಗಬೇಕಾದರೆ, ಮೊದಲು ನಮ್ಮದೇ ಉಪಗ್ರಹ ಎಲ್ಲಿದೆ ಎಂದು ನಾವು ತಿಳಿಯುವ ಬಗೆಯನ್ನು ನೋಡಬೇಕು.

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಜನ ಎಂಸಿಎಫ್ ಎಂದು ಕರೆಯುವ ಕೇಂದ್ರ, ಈ ಕೆಲಸವನ್ನು 1982ರಿಂದ ಮಾಡುತ್ತಾ ಬಂದಿದೆ. ಆ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ದಿಕ್ಕು ನಿಯಂತ್ರಿಸುವ ಇಂಧನ ಬರಿದಾಗಿ ಸೆಪ್ಟೆಂಬರ್‌ನಲ್ಲೇ ಕೈಬಿಟ್ಟುಹೋಯಿತು. ಮರುವರ್ಷ ಹೋದ ಇನ್ಸಾಟ್-1ಬಿ ದೇಶದ ಮೂಲೆ ಮೂಲೆಗೆ ದೂರದರ್ಶನವನ್ನು ತಲುಪಿಸಿತು. 2005ರಲ್ಲಿ ಭೋಪಾಲದಲ್ಲಿ ಎರಡನೆಯ ಕೇಂದ್ರ ಆರಂಭವಾಯಿತು. ಹಾಸನದ ಆವರಣದಲ್ಲಿ ಆಕಾಶಕ್ಕೆ ಮುಖ ಮಾಡಿ ನಿಂತ ದೊಡ್ಡ ಬೋಗುಣಿ ಆಂಟೆನಾಗಳನ್ನು ನೋಡಿದವರಿಗೆ ಅವು ಅಲುಗಾಡದೆ ನಿಂತಂತೆ ಕಾಣುತ್ತವೆ. ನಿಂತಂತೆ ಕಾಣುವುದು ಆಂಟೆನಾ ಮಾತ್ರವಲ್ಲ, ಉಪಗ್ರಹವೂ ಹಾಗೆಯೇ. ಎರಡೂ ನಿಂತಿಲ್ಲ.

ಭೂಸ್ಥಿರ ಉಪಗ್ರಹ ಸೆಕೆಂಡಿಗೆ 3.07 ಕಿಲೋಮೀಟರ್ ವೇಗದಲ್ಲಿ ಓಡುತ್ತಾ, 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ. ಅಷ್ಟೇ ಅವಧಿಯಲ್ಲಿ ಭೂಮಿಯೂ ಒಮ್ಮೆ ತಿರುಗುವುದರಿಂದ ನಮಗೆ ಅದು ಒಂದೆಡೆ ನಿಂತಂತೆ ತೋರುತ್ತದೆ. ಆದರೆ ಸೂರ್ಯ ಮತ್ತು ಚಂದ್ರರ ಸೆಳೆತ ಕಕ್ಷೆಯ ತಲವನ್ನು ವರ್ಷಕ್ಕೆ ಹೆಚ್ಚುಕಡಿಮೆ ಮುಕ್ಕಾಲರಿಂದ ಒಂದು ಡಿಗ್ರಿಯಷ್ಟು ಓರೆಯಾಗಿಸುತ್ತದೆ. ಹಾಗೆ ಓರೆಯಾದ ಕಕ್ಷೆಯ ಉಪಗ್ರಹ ದಿನವೂ ಸಮಭಾಜಕದ ಉತ್ತರಕ್ಕೂ ದಕ್ಷಿಣಕ್ಕೂ ಹೋಗಿಬರುತ್ತಾ ಆಕಾಶದಲ್ಲಿ ಇಂಗ್ಲಿಷಿನ ಎಂಟರಂಥ ಗೆರೆ ಬರೆಯುತ್ತದೆ. ಸೂರ್ಯನ ಬೆಳಕು ಕೂಡ ಅಗಲವಾದ ಸೌರಫಲಕಗಳನ್ನು ಮೆಲ್ಲಗೆ ನೂಕಿ, ದುಂಡಗಿನ ಕಕ್ಷೆಯನ್ನು ಅಂಡಾಕಾರಕ್ಕೆ ತಿರುಗಿಸುತ್ತಿರುತ್ತದೆ. ಉಪಗ್ರಹ ಮೀರದೆ ಉಳಿಯಬೇಕಾದ ಜಾಗ, ಅಂದರೆ ಅದಕ್ಕೆ ನಿಗದಿಯಾದ ಪೆಟ್ಟಿಗೆ, ಸಾಮಾನ್ಯವಾಗಿ ನಡುವಿನಿಂದ ಎರಡೂ ಕಡೆಗೆ 0.05 ಅಥವಾ 0.1 ಡಿಗ್ರಿ. ಚಿಕ್ಕ ಪೆಟ್ಟಿಗೆಯ ಅಗಲ ಆ ಎತ್ತರದಲ್ಲಿ ಸುಮಾರು 74 ಕಿಲೋಮೀಟರ್ ಆಗುತ್ತದೆ. ಕೇಳಲು ವಿಶಾಲ. ಆದರೆ ಒಂದೇ ನೆಲೆಯಲ್ಲಿ ಎರಡು ಮೂರು ಉಪಗ್ರಹಗಳನ್ನು ಒಟ್ಟಿಗೆ ಇಡುವ ಪದ್ಧತಿ ಭಾರತದಲ್ಲಿ ಇದೆ. ಪ್ರತಿಯೊಂದರ ಕಕ್ಷೆಯ ಓರೆಯನ್ನೂ ಅಂಡಾಕಾರವನ್ನೂ ಬೇರೆ ಬೇರೆ ಇಟ್ಟು, ದಿನದ ಯಾವ ಹೊತ್ತಿನಲ್ಲೂ ಅವು ಪರಸ್ಪರ ಸಮೀಪಿಸದಂತೆ ನಡೆಸಬೇಕಾಗುತ್ತದೆ. ಸ್ಥಾನದ ಅಂದಾಜಿನಲ್ಲಿ ಹತ್ತು ಕಿಲೋಮೀಟರ್ ತಪ್ಪಿದರೂ ಇಂಥಲ್ಲಿ ಅದು ಸಣ್ಣ ತಪ್ಪಲ್ಲ.

ಸ್ಥಾನ ತಿಳಿಯುವ ಮುಖ್ಯ ವಿಧಾನ ದೂರ ಅಳೆಯುವುದು. ಭೂಕೇಂದ್ರ ನಿಗದಿತ ಆವರ್ತನದ ಒಂದು ಸ್ವರವನ್ನು ರೇಡಿಯೋ ತರಂಗದ ಮೇಲೆ ಹೊರಿಸಿ ಕಳುಹಿಸುತ್ತದೆ. ಉಪಗ್ರಹ ಅದನ್ನು ಹಾಗೆಯೇ ಮರಳಿಸುತ್ತದೆ. ಹೋದ ಸ್ವರಕ್ಕೂ ಬಂದ ಸ್ವರಕ್ಕೂ ನಡುವಿನ ಹಂತದ ವ್ಯತ್ಯಾಸದಿಂದ ಪ್ರಯಾಣದ ಸಮಯ ಗೊತ್ತಾಗುತ್ತದೆ. ಹೋಗಿಬರಲು ತಗಲುವುದು ಸುಮಾರು ಕಾಲು ಸೆಕೆಂಡು. ಈ ಲೆಕ್ಕದಲ್ಲಿ ಒಂದು ಮೈಕ್ರೊಸೆಕೆಂಡು ತಪ್ಪಿದರೆ ದೂರ 150 ಮೀಟರ್ ತಪ್ಪುತ್ತದೆ. ಆದ್ದರಿಂದ ಕೇಬಲ್ಲಿನಲ್ಲಿ, ಉಪಗ್ರಹದ ಒಳಗಿನ ಸಲಕರಣೆಯಲ್ಲಿ, ವಾತಾವರಣದಲ್ಲಿ ಆಗುವ ತಡವನ್ನೆಲ್ಲ ಅಳೆದು ಕಳೆಯಲಾಗುತ್ತದೆ. ಹೀಗೆ ದೂರವನ್ನು ಹತ್ತಾರು ಮೀಟರ್‌ಗಳ ನಿಖರತೆಯಲ್ಲಿ ಹೇಳಬಹುದು. ದಿಕ್ಕಿನ ಮಾತು ಹಾಗಲ್ಲ. ಹನ್ನೊಂದು ಮೀಟರ್ ಅಗಲದ ಆಂಟೆನಾದ ಕಿರಣವೇ ಸಿ-ಬ್ಯಾಂಡ್ ಎಂಬ ರೇಡಿಯೋ ಆವರ್ತನ ಪಟ್ಟಿಯಲ್ಲಿ ಸುಮಾರು ಅರ್ಧ ಡಿಗ್ರಿ ಅಗಲವಾಗಿರುತ್ತದೆ. ಸಂಕೇತ ಎಲ್ಲಿ ಅತಿ ಪ್ರಬಲವಾಗಿದೆ ಎಂದು ಸೂಕ್ಷ್ಮವಾಗಿ ಹುಡುಕಿ ದಿಕ್ಕನ್ನು 0.01 ಡಿಗ್ರಿಗೆ ಇಳಿಸಿದರೂ ಅಷ್ಟು ದೂರದಲ್ಲಿ ಅದು ಆರು ಕಿಲೋಮೀಟರ್‌ಗೂ ಮೀರಿದ ಅನಿಶ್ಚಿತತೆ.

ಈ ಕೊರತೆಯನ್ನು ತುಂಬುವುದು ಕಾಲ. ಒಂದು ದಿನ, ಎರಡು ದಿನ ಬಿಡದೆ ದೂರ ಅಳೆದು ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋದರೆ, ನಿಶ್ಚಲವಾಗಿ ಕಾಣುವ ಉಪಗ್ರಹದ ದೂರ ದಿನಕ್ಕೊಮ್ಮೆ ಏರಿ ಇಳಿಯುವ ಒಂದು ಅಲೆಯಾಗಿ ಕಾಣುತ್ತದೆ. ಆ ಅಲೆಯ ಎತ್ತರ, ಅದು ತುದಿ ಮುಟ್ಟುವ ಹೊತ್ತು, ದಿನದಿಂದ ದಿನಕ್ಕೆ ಅದರ ಸರಾಸರಿ ಜಾರುವ ರೀತಿ, ಇವುಗಳಿಂದ ಕಕ್ಷೆಯ ಓರೆ, ಅಂಡಾಕಾರ, ಜಾರಿಕೆ ಎಲ್ಲವೂ ಹೊರಬೀಳುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಭೂಕೇಂದ್ರದಿಂದ ಸಾಕಷ್ಟು ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಉಪಗ್ರಹ ಸ್ವಲ್ಪ ಸರಿದರೂ ದೂರ ಬದಲಾಗುತ್ತದೆ. ಭೂಕೇಂದ್ರದ ರೇಖಾಂಶದಲ್ಲೇ ಇರುವ ಉಪಗ್ರಹ ಪೂರ್ವ-ಪಶ್ಚಿಮವಾಗಿ ಸರಿದರೆ ದೂರ ಬದಲಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಹಾಸನ ಇರುವುದು 76 ಡಿಗ್ರಿಯಲ್ಲಿ, ಭೋಪಾಲ 77ರಲ್ಲಿ. ಹಾಗಾಗಿ 93.5 ಡಿಗ್ರಿಯ ಉಪಗ್ರಹದ ರೇಖಾಂಶವನ್ನು ಬರಿಯ ದೂರದಿಂದ ಕಂಡುಹಿಡಿಯುವುದು ಸುಲಭ; 74ರದ್ದು ನೆತ್ತಿಯ ಸಮೀಪ ಇದ್ದೂ ಕಷ್ಟ. ಹತ್ತಿರದಲ್ಲಿರುವುದೇ ಕೈಗೆ ಸಿಗದಂಥ ಈ ಸ್ಥಿತಿಯಲ್ಲಿ ದೂರದ ಇನ್ನೊಂದು ಕೇಂದ್ರದ ಅಳತೆ ಅಥವಾ ದೂರದರ್ಶಕದ ನೋಟ ಬೆಲೆಬಾಳುತ್ತದೆ.

ಮನೆಯ ತಾರಸಿಯ ಮೇಲಿನ ಡಿಷ್‌ಗೆ ಈ ತೊಂದರೆ ಯಾವುದೂ ಇಲ್ಲ. ಹುಬ್ಬಳ್ಳಿಯಲ್ಲಿ ಡಿಡಿ ಫ್ರೀ ಡಿಷ್‌ಗಾಗಿ ಆಗ್ನೇಯಕ್ಕೆ ತಿರುಗಿಸಿ, 93.5 ಡಿಗ್ರಿಯ ಜಿಸ್ಯಾಟ್-15ರತ್ತ ಹೆಚ್ಚುಕಡಿಮೆ 62 ಡಿಗ್ರಿ ಎತ್ತರಕ್ಕೆ ನೋಡುವಂತೆ ಬಿಗಿದ ಅರವತ್ತು ಸೆಂಟಿಮೀಟರಿನ ಡಿಷ್‌ನ ಕಿರಣ ಎರಡೂವರೆ-ಮೂರು ಡಿಗ್ರಿ ಅಗಲ. ಉಪಗ್ರಹದ ಪೆಟ್ಟಿಗೆ ಇಡಿಯಾಗಿ ಅದರೊಳಗೆ ಅಡಗುತ್ತದೆ. ಒಮ್ಮೆ ಮೊಳೆ ಬಿಗಿದ ಡಿಷ್ ಹತ್ತು ವರ್ಷ ಅಲ್ಲೇ ನಿಲ್ಲಬಲ್ಲುದಾದರೆ, ಅದರ ಹಿಂದೆ ಹಾಸನದಲ್ಲಿ ಹಗಲಿರುಳು ನಡೆಯುವ ಅಳತೆ ಮತ್ತು ತಿದ್ದುಪಡಿ ಇದೆ ಎಂಬುದನ್ನು ನಾವು ನೆನೆಯುವುದು ಕಡಿಮೆ. ಉತ್ತರ-ದಕ್ಷಿಣದ ಓರೆಯನ್ನು ಸರಿಪಡಿಸಲು ವರ್ಷಕ್ಕೆ ಸೆಕೆಂಡಿಗೆ ಸುಮಾರು 50 ಮೀಟರ್‌ನಷ್ಟು ವೇಗ ಬದಲಾವಣೆ ಬೇಕು. ಪೂರ್ವ-ಪಶ್ಚಿಮದ್ದಕ್ಕೆ ಅದರ ಇಪ್ಪತ್ತೈದನೆಯ ಒಂದು ಭಾಗವೂ ಬೇಡ, ತಗ್ಗಿನೊಳಗಿರುವ 74ರಲ್ಲಂತೂ ಇನ್ನೂ ಕಡಿಮೆ. ಅಳತೆ ನಿಖರವಾದಷ್ಟೂ ಅನಗತ್ಯ ತಿದ್ದುಪಡಿ ತಪ್ಪಿ, ಇಂಧನ ಉಳಿದು, ಉಪಗ್ರಹದ ಆಯುಷ್ಯ ಬೆಳೆಯುತ್ತದೆ.

ಇಷ್ಟೆಲ್ಲ ಹೇಳಿದ್ದು ಮಾತಾಡುವ ಉಪಗ್ರಹದ ಬಗ್ಗೆ. ಕಳುಹಿಸಿದ ಸ್ವರವನ್ನು ಮರಳಿಸಲು ಅದು ಬದುಕಿರಬೇಕು, ನಮ್ಮದಾಗಿರಬೇಕು. ಒಡೆದ ಉಪಗ್ರಹದ ಚೂರು ಉತ್ತರ ಕೊಡುವುದಿಲ್ಲ. ಪರದೇಶದ ಸೇನಾ ಉಪಗ್ರಹ ಉತ್ತರ ಕೊಡಲು ಒಪ್ಪುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಗ್ಯಾಲಕ್ಸಿ-15 ಎಂಬ ಉಪಗ್ರಹ ಆಜ್ಞೆಗಳಿಗೆ ಕಿವುಡಾಗಿ, ಸಂಕೇತ ಮರುಪ್ರಸಾರ ಮಾಡುವ ಟ್ರಾನ್ಸ್‌ಪಾಂಡರ್‌ಗಳನ್ನು ಮಾತ್ರ ಹಾಗೆಯೇ ಉರಿಸಿಕೊಂಡು ನೆರೆಯ ಉಪಗ್ರಹಗಳ ನೆಲೆಗಳ ಮೂಲಕ ಜಾರುತ್ತಾ ಹೋದಾಗ, ಡಿಸೆಂಬರಿನಲ್ಲಿ ಅದು ಮತ್ತೆ ಹಿಡಿತಕ್ಕೆ ಬರುವವರೆಗೂ ಉಳಿದ ಸಂಸ್ಥೆಗಳು ತಮ್ಮ ಉಪಗ್ರಹಗಳನ್ನು ಅದರ ದಾರಿಯಿಂದ ತಪ್ಪಿಸುತ್ತಾ ಬಂದವು. ಅದು ಎಲ್ಲಿದೆ ಎಂದಾದರೂ ಆಗ ಎಲ್ಲರಿಗೂ ಗೊತ್ತಿತ್ತು.

ಉತ್ತರ ಕೊಡದ ವಸ್ತುವಿಗೆ ರೇಡಾರ್ ಬಳಸಬಹುದಲ್ಲವೇ? ಕೆಳಕಕ್ಷೆಯಲ್ಲಿ ಅದೇ ಮುಖ್ಯ ಸಾಧನ. ಆದರೆ ರೇಡಾರಿನ ಪ್ರತಿಧ್ವನಿ ದೂರದ ನಾಲ್ಕನೆಯ ಘಾತದಲ್ಲಿ ಕುಗ್ಗುತ್ತದೆ: ಸಾವಿರ ಕಿಲೋಮೀಟರ್ ದೂರದ ವಸ್ತುವನ್ನು 36,000 ಕಿಲೋಮೀಟರಿಗೆ ಒಯ್ದರೆ ಪ್ರತಿಧ್ವನಿ ಹದಿನಾರು ಲಕ್ಷಕ್ಕೂ ಹೆಚ್ಚು ಪಟ್ಟು ಕ್ಷೀಣಿಸುತ್ತದೆ. ಆದ್ದರಿಂದ ಆ ಎತ್ತರದಲ್ಲಿ ಸೂರ್ಯನೇ ದೀಪ, ದೂರದರ್ಶಕವೇ ಕಣ್ಣು. ಇದರ ತತ್ತ್ವವನ್ನು ಯಾರು ಬೇಕಾದರೂ ನೋಡಿ ಅರಿಯಬಹುದು. ಮಧ್ಯ ಕರ್ನಾಟಕದಿಂದ ನೋಡುವವರಿಗೆ ಭೂಸ್ಥಿರ ಉಪಗ್ರಹಗಳ ಸಾಲು ಖಗೋಳದ ಮಧ್ಯರೇಖೆಗಿಂತ ಎರಡೂವರೆ ಡಿಗ್ರಿಯಷ್ಟು ದಕ್ಷಿಣಕ್ಕೆ ಹಾದುಹೋಗುತ್ತದೆ. ಜನವರಿ ಮಧ್ಯದಲ್ಲಿ ರಾತ್ರಿ ಹತ್ತೂವರೆಯ ಹೊತ್ತಿಗೆ ಮಹಾವ್ಯಾಧ ನಕ್ಷತ್ರಪುಂಜ ದಕ್ಷಿಣದಲ್ಲಿ ಎತ್ತರಕ್ಕೆ ಬಂದಾಗ, ಅದರ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಪೈಕಿ ಕೆಳತುದಿಯದಕ್ಕಿಂತ ಹುಣ್ಣಿಮೆ ಚಂದ್ರನ ಅಗಲದಷ್ಟು ಕೆಳಗೆ ನಮ್ಮ 74 ಡಿಗ್ರಿಯ ನೆಲೆಯ ಆಸುಪಾಸು ಇರುತ್ತದೆ. ಉದ್ದ ಲೆನ್ಸಿನ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ, ಕತ್ತಲ ಊರಿನಲ್ಲಿ ಮೂವತ್ತು ಸೆಕೆಂಡು ಕಣ್ಣು ತೆರೆದಿಟ್ಟರೆ, ನಕ್ಷತ್ರಗಳೆಲ್ಲ ಚಂದ್ರನ ಅಗಲದ ಕಾಲುಭಾಗದಷ್ಟು ಉದ್ದದ ಗೆರೆಗಳಾಗಿ ಎಳೆದುಕೊಳ್ಳುತ್ತವೆ. ಆ ಗೆರೆಗಳ ನಡುವೆ ಉಪಗ್ರಹ ಮಾತ್ರ ಒಂದು ಚುಕ್ಕೆಯಾಗಿ ಉಳಿಯುತ್ತದೆ. ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತ ನೂರರಿಂದ ಇನ್ನೂರು ಪಟ್ಟು ಮಂದವಾದ ಚುಕ್ಕೆ ಅದು. ವೃತ್ತಿಪರ ದೂರದರ್ಶಕವೂ ಮಾಡುವುದು ಇದನ್ನೇ. ಚುಕ್ಕೆಯ ಸ್ಥಾನವನ್ನು ನಕ್ಷತ್ರಗಳ ಪಟ್ಟಿಯೊಡನೆ ಹೋಲಿಸಿ, ಡಿಗ್ರಿಯ 3,600ನೆಯ ಒಂದು ಭಾಗದಷ್ಟು ನಿಖರವಾಗಿ ದಿಕ್ಕನ್ನು ಹೇಳುತ್ತದೆ. ಅಷ್ಟು ದೂರದಲ್ಲಿ ಅದು ಇನ್ನೂರು ಮೀಟರ್‌ಗಿಂತ ಕಡಿಮೆ. ಆಂಟೆನಾಕ್ಕೆ ದೂರ ಚೆನ್ನಾಗಿ ಗೊತ್ತು, ದಿಕ್ಕು ಗೊತ್ತಿಲ್ಲ. ದೂರದರ್ಶಕಕ್ಕೆ ದಿಕ್ಕು ಗೊತ್ತು, ದೂರ ಗೊತ್ತಿಲ್ಲ.

ದೂರದರ್ಶಕದ ಮಿತಿಗಳೂ ಸಣ್ಣವಲ್ಲ. ಹಗಲಿನಲ್ಲಿ ಅದು ಬಹುಪಾಲು ಕುರುಡು, ಮೋಡ ಕವಿದರೆ ಕುರುಡು, ಹುಣ್ಣಿಮೆಯ ಸುತ್ತ ಮಂಜು. ಈ ಕುರುಡು ಹೊತ್ತಿನಲ್ಲಿ ಏನೆಲ್ಲ ನಡೆಯಬಹುದು ಎಂಬುದಕ್ಕೆ 2022ರ ಜನವರಿಯ ಘಟನೆ ಸಾಕು. ಚೀನಾದ ಶಿಜಿಯಾನ್-21 ಎಂಬ ಉಪಗ್ರಹ, ನಿಂತುಹೋಗಿದ್ದ ತನ್ನದೇ ದೇಶದ ಬೈದೌ ಎಂಬ ದಾರಿಸೂಚಕ ಉಪಗ್ರಹವೊಂದನ್ನು ಹಿಡಿದು ಭೂಸ್ಥಿರ ಕಕ್ಷೆಯಿಂದ ಸಾವಿರಾರು ಕಿಲೋಮೀಟರ್ ಮೇಲಕ್ಕೆ ಎಳೆದೊಯ್ದು ಬಿಟ್ಟುಬಂತು. ಕಸ ತೆಗೆಯುವ ಕೆಲಸವಾಗಿ ಅದು ಶ್ಲಾಘನೀಯ. ಆದರೆ ಇನ್ನೊಂದು ಉಪಗ್ರಹವನ್ನು ಹಿಡಿಯಬಲ್ಲ ಕೈ ಯಾರದನ್ನು ಬೇಕಾದರೂ ಹಿಡಿಯಬಲ್ಲುದು. 2014ರಲ್ಲಿ ಹಾರಿದ ರಷ್ಯಾದ ಲೂಚ್-ಒಲಿಂಪ್ ಒಂದು ನೆಲೆಯಿಂದ ಇನ್ನೊಂದಕ್ಕೆ ಸರಿಯುತ್ತಾ ಪರರ ಉಪಗ್ರಹಗಳ ಪಕ್ಕ ನಿಲ್ಲುತ್ತಾ ಬಂತು. ಅದು 2017ರಲ್ಲಿ ಫ್ರಾನ್ಸ್-ಇಟಲಿಗಳ ಸೇನಾ ಸಂಪರ್ಕ ಉಪಗ್ರಹ ಅಥೀನಾ-ಫಿಡಸ್‌ನ ಬಳಿ ಸುಳಿದದ್ದನ್ನು ಫ್ರಾನ್ಸಿನ ರಕ್ಷಣಾ ಸಚಿವೆ ಫ್ಲಾರೆನ್ಸ್ ಪಾರ್ಲಿ ಮರುವರ್ಷ ಬಹಿರಂಗವಾಗಿ ಹೇಳಿದರು. ಅಮೆರಿಕವೂ ಇದೇ ಕಕ್ಷೆಯ ಸನಿಹದಲ್ಲಿ ನಿಂತು ನೋಡುವ ಉಪಗ್ರಹಗಳನ್ನು 2014ರಿಂದ ಇಟ್ಟುಕೊಂಡಿದೆ. ಯಾರು ಯಾರ ಬಳಿ ಹೋದರು ಎಂಬುದನ್ನು ಸ್ವಂತ ಕಣ್ಣಿನಿಂದ ನೋಡಲಾಗದ ದೇಶ ಇನ್ನೊಬ್ಬರು ಹೇಳಿದ್ದನ್ನು ನಂಬಬೇಕಾಗುತ್ತದೆ.

ಭಾರತದ ಸ್ಥಿತಿ ಇಲ್ಲಿ ಅರ್ಧ ಭರವಸೆಯದು. ಬೆಂಗಳೂರಿನ ಪೀಣ್ಯದಲ್ಲಿ 2020ರ ಡಿಸೆಂಬರಿನಲ್ಲಿ, ಬಾಹ್ಯಾಕಾಶದ ವಸ್ತುಗಳ ಮೇಲೆ ಕಣ್ಣಿಡುವ ಇಸ್ರೊದ ನೇತ್ರ ಯೋಜನೆಯ ನಿಯಂತ್ರಣ ಕೇಂದ್ರವೂ, 2022ರ ಜುಲೈನಲ್ಲಿ ಬಾಹ್ಯಾಕಾಶದ ಸುರಕ್ಷಿತ ನಿರ್ವಹಣೆಗಾಗಿ ಪ್ರತ್ಯೇಕ ವ್ಯವಸ್ಥೆಯೂ ಶುರುವಾದವು. ಇಸ್ರೊದ ವಾರ್ಷಿಕ ವರದಿಯ ಪ್ರಕಾರ 2023ರಲ್ಲಿ ಡಿಕ್ಕಿ ತಪ್ಪಿಸಲು ನಮ್ಮ ಉಪಗ್ರಹಗಳನ್ನು 23 ಬಾರಿ ಸರಿಸಲಾಯಿತು. ಅವುಗಳಲ್ಲಿ 5 ಭೂಸ್ಥಿರ ಕಕ್ಷೆಯವು. ಆದರೆ ಆ ಮುನ್ನೆಚ್ಚರಿಕೆಗಳ ಮೂಲ ಹೆಚ್ಚಾಗಿ ಅಮೆರಿಕದ ಬಾಹ್ಯಾಕಾಶ ಕಮಾಂಡಿನ ಪಟ್ಟಿ. ನಮ್ಮ ಉಪಗ್ರಹದ ಸ್ಥಾನ ನಮಗೆ ಅವರಿಗಿಂತ ಚೆನ್ನಾಗಿ ಗೊತ್ತು, ಹಾಸನದ ಅಳತೆಯಿಂದ. ಎದುರಿಗೆ ಬರುವ ವಸ್ತುವಿನ ಸ್ಥಾನವನ್ನು ಅವರಿಂದ ಕೇಳಿ ತಿಳಿಯಬೇಕು. ಆ ಪಟ್ಟಿಯಲ್ಲೂ ಭೂಸ್ಥಿರ ಎತ್ತರದಲ್ಲಿ ಒಂದು ಮೀಟರಿಗಿಂತ ಚಿಕ್ಕ ಚೂರುಗಳು ಹೆಚ್ಚಾಗಿ ಸೇರಿರುವುದಿಲ್ಲ. ಓರೆಯಾದ ಕಕ್ಷೆಯಲ್ಲಿ ತೂಗುವ ಹಳೆಯ ವಸ್ತು ಸಮಭಾಜಕವನ್ನು ದಾಟುವಾಗ ಅದಕ್ಕೂ ಸಕ್ರಿಯ ಉಪಗ್ರಹಕ್ಕೂ ನಡುವಿನ ವೇಗದ ಅಂತರ ಸೆಕೆಂಡಿಗೆ 800 ಮೀಟರ್‌ವರೆಗೆ ಹೋಗಬಹುದು. ಆ ವೇಗದಲ್ಲಿ ಅಂಗೈ ಅಗಲದ ಚೂರು ಉಪಗ್ರಹವನ್ನು ಮುಗಿಸಲು ಸಾಕು.

ಆದ್ದರಿಂದ ನೇತ್ರ ಯೋಜನೆಯ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ ಸ್ಥಾಪಿಸುವ ಕಾರ್ಯಕ್ಕೆ ಇನ್ನಾವುದಕ್ಕಿಂತ ಹೆಚ್ಚು ಆದ್ಯತೆ ಸಿಗಬೇಕು ಎಂಬುದು ಈ ಲೇಖಕನ ಅಭಿಪ್ರಾಯ. 4,500 ಮೀಟರ್ ಎತ್ತರದ, ಒಣ ಹವೆಯ, ಕಗ್ಗತ್ತಲ ಹಾನ್ಲೆ ಪೂರ್ವ 79 ಡಿಗ್ರಿಯಲ್ಲಿದೆ. 75ರ ತಗ್ಗು ಅಲ್ಲಿಂದ ದಕ್ಷಿಣಕ್ಕೆ ನೇರ ಕಾಣುತ್ತದೆ. ಮುಂಗಾರಿನ ನಾಲ್ಕು ತಿಂಗಳು ಕರ್ನಾಟಕದ ಆಕಾಶ ಮೋಡದಡಿ ಇರುವಾಗಲೂ ಹಿಮಾಲಯದ ಮರೆಯ ಆ ಮರುಭೂಮಿಯ ಆಕಾಶ ಹೆಚ್ಚು ದಿನ ತೆರೆದಿರುತ್ತದೆ. ಅಲ್ಲಿನ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಗೋಳ ಭೌತಶಾಸ್ತ್ರ ಸಂಸ್ಥೆ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು ಎರಡು ದಶಕಗಳಿಂದ ನಡೆಸುತ್ತಿದೆ. ಅಂಥ ಎತ್ತರದಲ್ಲಿ ಉಪಕರಣವನ್ನು ದೂರದಿಂದ ನಡೆಸುವ ಅನುಭವ ನಮ್ಮವರಲ್ಲಿ ಇದೆ. ಒಂದು ದೂರದರ್ಶಕ ಸಾಲದು ಎಂಬುದೂ ನಿಜ. ದೇಶದ ಪೂರ್ವ-ಪಶ್ಚಿಮ ತುದಿಗಳಲ್ಲಿ ಚಿಕ್ಕ ದೂರದರ್ಶಕಗಳಿದ್ದರೆ ಕತ್ತಲ ಹೊತ್ತು ಲಂಬಿಸುತ್ತದೆ, ಒಂದೇ ವಸ್ತುವನ್ನು ಎರಡು ಕಡೆಯಿಂದ ನೋಡಿದಾಗ ದೂರವೂ ಸಿಗುತ್ತದೆ. ಕಂಡದ್ದನ್ನು, ಸೇನಾ ಉಪಗ್ರಹಗಳ ವಿವರ ಬಿಟ್ಟು, ವಿಶ್ವವಿದ್ಯಾಲಯಗಳಿಗೆ ತೆರೆದಿಡಬೇಕು. ಚುಕ್ಕೆ ಗುರುತಿಸಿ ಕಕ್ಷೆ ಲೆಕ್ಕ ಹಾಕುವ ವಿದ್ಯೆ ಎಂ.ಎಸ್ಸಿ. ವಿದ್ಯಾರ್ಥಿಯ ಕೈಗೆ ಎಟುಕುವಂಥದ್ದು.

ಕೊನೆಯದಾಗಿ, ತಗ್ಗಿಗೆ ಹೊಸ ಕಸ ಸೇರದಂತೆ ತಡೆಯುವ ಕೆಲಸ. ಆಯುಷ್ಯ ಮುಗಿದ ಉಪಗ್ರಹವನ್ನು ಉಳಿದ ಇಂಧನದಿಂದ ಕನಿಷ್ಠ 235 ಕಿಲೋಮೀಟರ್‌ಗಿಂತ ಮೇಲಕ್ಕೆ ಏರಿಸಿ, ಸ್ಮಶಾನ ಕಕ್ಷೆಯಲ್ಲಿ ಬಿಡಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. 2007ರಲ್ಲಿ ಹಾರಿದ ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ ಒಂದು ವಾರದೊಳಗೆ ಹನ್ನೊಂದು ಬಾರಿ ನೂಕಿ, ಭೂಸ್ಥಿರ ಕಕ್ಷೆಗಿಂತ ಸುಮಾರು 340 ಕಿಲೋಮೀಟರ್ ಮೇಲಕ್ಕೆ ಸೇರಿಸಲಾಯಿತು; ಹೀಗೆ ಬೀಳ್ಕೊಡಲ್ಪಟ್ಟ ಭಾರತದ ಇಪ್ಪತ್ತೊಂದನೆಯ ಭೂಸ್ಥಿರ ಉಪಗ್ರಹ ಅದು. ಅಲ್ಲಿ ಅದು ಭೂಮಿಯ ತಿರುಗುವಿಕೆಗಿಂತ ತುಸು ನಿಧಾನವಾಗಿ ಸುತ್ತುತ್ತಾ ದಿನಕ್ಕೆ ನಾಲ್ಕು ಡಿಗ್ರಿಯಷ್ಟು ಪಶ್ಚಿಮಕ್ಕೆ ಜಾರುತ್ತಿದೆ, ತಗ್ಗಿಗೆ ಬೀಳದೆ ಅದರ ಮೇಲಿನಿಂದ ಪ್ರತಿ ಮೂರು ತಿಂಗಳಿಗೊಮ್ಮೆ ಹಾದುಹೋಗುತ್ತಿದೆ. 60 ಡಿಗ್ರಿಯಲ್ಲಿ ಒಡೆದ ಆ ಉಪಗ್ರಹಕ್ಕೆ ಅಂಥ ಅವಕಾಶ ಸಿಗಲಿಲ್ಲ. ಅದರ ಚೂರುಗಳನ್ನು ಇನ್ನು ಒಂದೊಂದಾಗಿ ಹುಡುಕಿ, ಗುರುತಿಸಿ, ಪ್ರತಿಯೊಂದೂ 74ರ ಬಳಿ ಯಾವಾಗ ಬರುತ್ತದೆಂದು ಲೆಕ್ಕ ಇಡಬೇಕು.